ಕಾಯುವ ಕೆಲಸ ರಾತ್ರಿಗಿರಲಿ

2012ರಲ್ಲಿ ಕೆನಡಾದ ಟೊರೊಂಟೊ ವಿಶ್ವವಿದ್ಯಾಲಯದಲ್ಲಿ ಪಿಎಚ್.ಡಿ. ಮಾಡುತ್ತಿದ್ದ ಅಲೆಕ್ಸ್ ಕ್ರಿಜೆವ್‌ಸ್ಕಿ, ಅಪ್ಪ-ಅಮ್ಮನ ಮನೆಯಲ್ಲಿ ತಾವು ಮಲಗುತ್ತಿದ್ದ ಕೋಣೆಯ ಕಂಪ್ಯೂಟರಿಗೆ ಚಿತ್ರಗಳನ್ನು ಗುರುತಿಸಲು ಕಲಿಸಿದರು. ಅದರೊಳಗಿದ್ದದ್ದು ವಿಡಿಯೊ ಗೇಮ್ ಆಡುವವರಿಗೆಂದು ಅಂಗಡಿಗಳಲ್ಲಿ ಮಾರುತ್ತಿದ್ದ ಎರಡು ಜಿಟಿಎಕ್ಸ್ 580 ಗ್ರಾಫಿಕ್ಸ್ ಕಾರ್ಡುಗಳು. ಒಂದೊಂದರಲ್ಲಿ 3 ಜಿಬಿ ಮೆಮೊರಿ. ಸುಮಾರು 12 ಲಕ್ಷ ಚಿತ್ರಗಳ ಮೇಲೆ ಒಂದು ಸಲ ತರಬೇತಿ ಮುಗಿಯಬೇಕಾದರೆ ಐದಾರು ದಿನ ಆ ಯಂತ್ರ ಹಗಲಿರುಳು ದುಡಿಯಬೇಕಿತ್ತು. ಚಿತ್ರ ಗುರುತಿಸುವ ಆ ವರ್ಷದ ಇಮೇಜ್‌ನೆಟ್ ಸ್ಪರ್ಧೆಯಲ್ಲಿ ಎರಡನೆಯ ಸ್ಥಾನದವರ ತಪ್ಪು ಶೇ 26.2 ಇದ್ದರೆ, ಕ್ರಿಜೆವ್‌ಸ್ಕಿ, ಅವರ ಸಹಪಾಠಿ ಇಲ್ಯಾ ಸುಟ್ಸ್‌ಕೆವರ್ ಮತ್ತು ಗೈಡ್ ಜೆಫ್ರಿ ಹಿಂಟನ್ ಅವರ ತಪ್ಪು ಶೇ 15.3ಕ್ಕೆ ಇಳಿದಿತ್ತು. ಇಂದು ನಾವು ಎಐ ಎಂದು ಕರೆಯುವುದರ ಬಹುಪಾಲು ಅಲ್ಲಿಂದ ಕವಲೊಡೆದದ್ದು. ಹಿಂಟನ್ ಅವರಿಗೆ 2024ರಲ್ಲಿ ಭೌತವಿಜ್ಞಾನದ ನೊಬೆಲ್ ಕೂಡ ಬಂತು.

ಇದನ್ನು ಪ್ರತಿಭೆಯ ಕಥೆಯಾಗಿ ಹೇಳುವುದೇ ರೂಢಿ. ಪ್ರತಿಭೆ ಇದ್ದದ್ದು ನಿಜ. ಆದರೆ ವಾರಗಟ್ಟಲೆ ಯಾರನ್ನೂ ಕೇಳದೆ ಓಡಿಸಬಹುದಾದ, ಸೋತರೆ ಮತ್ತೆ ಮೊದಲಿನಿಂದ ಓಡಿಸಬಹುದಾದ ಒಂದು ಯಂತ್ರ ಆ ವಿದ್ಯಾರ್ಥಿಯ ಮಂಚದ ಪಕ್ಕದಲ್ಲೇ ಇತ್ತು ಎಂಬುದೂ ಅಷ್ಟೇ ನಿಜ. ಅಂಕಿಅಂಶ, ಗಣಿತ, ಚಿತ್ರ, ಜೀನೋಮ್, ಹವಾಮಾನ, ಭಾಷೆ ಹೀಗೆ ಲೆಕ್ಕ ಬೇಡುವ ಯಾವುದೇ ವಿಷಯದಲ್ಲಿ ಪಿಎಚ್.ಡಿ. ಮಾಡುವವರಿಗೆ ಮನೆಯಲ್ಲಿ ಬಿಡಿಭಾಗ ಕೂಡಿಸಿ ಕಟ್ಟಿದ ಡೆಸ್ಕ್‌ಟಾಪ್ ಶೋಕಿಯ ವಸ್ತುವಲ್ಲ, ಸಂಶೋಧನೆಯ ಉಪಕರಣ ಎಂಬುದು ನನ್ನ ವಾದ. ಅದರ ದೊಡ್ಡ ಉಪಯೋಗ ವೇಗವೂ ಅಲ್ಲ. ವಿದ್ಯಾರ್ಥಿಯ ದಿನದ ಆಕಾರವನ್ನೇ ಅದು ಬದಲಿಸುತ್ತದೆ.

ಹೊರಗಿನಿಂದ ನೋಡಿದವರಿಗೆ ಸಂಶೋಧನಾ ವಿದ್ಯಾರ್ಥಿಯ ದಿನ ಬಿಡುವಿನ ದಿನದಂತೆ ಕಾಣುತ್ತದೆ. ಹಾಜರಿ ಕೂಗುವವರಿಲ್ಲ, ಗಂಟೆ ಹೊಡೆಯುವವರಿಲ್ಲ. ಒಳಗೆ ಹೋಗಿ ನೋಡಿದರೆ ಬೇರೆ. ಬೆಳಿಗ್ಗೆ ಎಂ.ಎಸ್ಸಿ. ಮಕ್ಕಳ ಪ್ರಾಯೋಗಿಕ ತರಗತಿ ನೋಡಿಕೊಳ್ಳಬೇಕು, ಮಧ್ಯಾಹ್ನ ಸೆಮಿನಾರ್, ನಡುವೆ ಗೈಡ್ ಕರೆದಾಗ ಹೋಗಬೇಕು. ಸೆಮಿಸ್ಟರಿಗೊಮ್ಮೆ ಪ್ರಗತಿ ವರದಿ, ಫೆಲೋಶಿಪ್ ಬಿಲ್ಲಿಗೆ ಸಹಿ, ವಿಮರ್ಶಕರು ಹಿಂದಕ್ಕೆ ಕಳಿಸಿದ ಲೇಖನದ ತಿದ್ದುಪಡಿ. ಇವೆಲ್ಲದರ ಸಂದಿನಲ್ಲಿ ಒಂದೇ ವಿಷಯಕ್ಕೆ ಮನಸ್ಸಿಟ್ಟು ಕೂರಲು ಎರಡು ಮೂರು ಗಂಟೆ ಸಿಕ್ಕರೆ ಅದು ಒಳ್ಳೆಯ ದಿನ. 2022ರ ಯುಜಿಸಿ ನಿಯಮದ ಪ್ರಕಾರ ಪಿಎಚ್.ಡಿ.ಗೆ ಕನಿಷ್ಠ ಮೂರು, ಸಾಮಾನ್ಯವಾಗಿ ಗರಿಷ್ಠ ಆರು ವರ್ಷ. ಆ ಅವಧಿಯಲ್ಲಿ ನಿಜಕ್ಕೂ ಪ್ರಬಂಧವಾಗಿ ರೂಪುಗೊಳ್ಳುವುದು ಈ ಎರಡು ಮೂರು ಗಂಟೆಗಳು ಮಾತ್ರ.

ಆ ಗಂಟೆಗಳನ್ನು ತಿನ್ನುವುದು ಕಾಯುವಿಕೆ. ಇಲ್ಲಿ ಒಂದು ಸೂಕ್ಷ್ಮವಿದೆ. ಒಂದು ಲೆಕ್ಕ ಮುಗಿಯಲು ಹತ್ತು ಗಂಟೆ ಬೇಕೆಂದರೆ ಅದರಿಂದ ಅಂಥ ನಷ್ಟವಿಲ್ಲ. ಮಲಗುವ ಮುಂಚೆ ಹಚ್ಚಿಟ್ಟರೆ ಬೆಳಿಗ್ಗೆ ಕಾಫಿಯ ಹೊತ್ತಿಗೆ ಉತ್ತರ ಸಿದ್ಧ. ಎರಡು ನಿಮಿಷದ ಲೆಕ್ಕದಿಂದಲೂ ತೊಂದರೆಯಿಲ್ಲ. ಕೆಡುಕು ಇರುವುದು ನಲವತ್ತು ನಿಮಿಷದ ಲೆಕ್ಕದಲ್ಲಿ. ಅಷ್ಟರಲ್ಲಿ ಬೇರೆ ಗಂಭೀರ ಕೆಲಸಕ್ಕೆ ಕೈ ಹಾಕಲಾಗದು, ಹಾಗೆಂದು ಸುಮ್ಮನೆ ಕೂರಲೂ ಆಗದು. ಕೈ ಮೊಬೈಲಿಗೆ ಹೋಗುತ್ತದೆ. ಉತ್ತರ ಬಂದಾಗ ಪ್ರಶ್ನೆ ಏನಿತ್ತು ಎಂಬುದೇ ಮಸುಕಾಗಿರುತ್ತದೆ. ಹಾಗಾಗಿ ಸಂಶೋಧಕರ ಕಂಪ್ಯೂಟರು ಎರಡು ಕೆಲಸ ಮಾಡಬೇಕು: ನಡುವಿನ ಅಳತೆಯ ಲೆಕ್ಕಗಳನ್ನು ಕೆಲವೇ ನಿಮಿಷಕ್ಕೆ ಇಳಿಸಬೇಕು, ಇಳಿಯದಂಥವನ್ನು ರಾತ್ರಿಗೆ ದಾಟಿಸಬೇಕು. ಮಡಚಿ ಚೀಲದಲ್ಲಿಟ್ಟು ಹೊರಡುವ ಲ್ಯಾಪ್‌ಟಾಪು ಎರಡರಲ್ಲೂ ಸೋಲುತ್ತದೆ. ತೆಳ್ಳಗಿನ ಮೈಯೊಳಗಿನ ಬಿಸಿ ಹೊರಹಾಕಲಾಗದೆ ಅದರ ಪ್ರೊಸೆಸರು ಕೆಲ ನಿಮಿಷಗಳಲ್ಲೇ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ದೊಡ್ಡ ಫ್ಯಾನು, ದೊಡ್ಡ ಕ್ಯಾಬಿನೆಟ್ ಇರುವ ಡೆಸ್ಕ್‌ಟಾಪಿಗೆ ಆ ಕಷ್ಟ ಕಡಿಮೆ.

ಮೆಮೊರಿಯ ಮಾತು ಇನ್ನೂ ಮುಖ್ಯ. ವೈಜ್ಞಾನಿಕ ಲೆಕ್ಕದಲ್ಲಿ ಒಂದು ಸಂಖ್ಯೆಗೆ ಸಾಮಾನ್ಯವಾಗಿ 8 ಬೈಟ್ ಜಾಗ ಬೇಕು. 50,000 ಸಾಲು, 50,000 ಕಂಬಸಾಲುಗಳ ಒಂದು ಮ್ಯಾಟ್ರಿಕ್ಸ್ ಎಂದರೆ 250 ಕೋಟಿ ಸಂಖ್ಯೆಗಳು. ಅಂದರೆ 20 ಜಿಬಿ. 16 ಜಿಬಿ ರ‍್ಯಾಮ್ ಇರುವ ಯಂತ್ರದಲ್ಲಿ ಅದು ಹಿಡಿಸುವುದಿಲ್ಲ. ಹಿಡಿಸದ ಭಾಗವನ್ನು ಡಿಸ್ಕಿಗೆ ಸಾಗಿಸಿ ಮತ್ತೆ ತರುತ್ತಾ ಹೋದಾಗ ಏನಾಗುತ್ತದೆ? ರ‍್ಯಾಮಿನಿಂದ ಒಂದು ಸಂಖ್ಯೆ ತರಲು ಸುಮಾರು ನೂರು ನ್ಯಾನೊಸೆಕೆಂಡ್ ಸಾಕು, ಒಳ್ಳೆಯ ಎಸ್‌ಎಸ್‌ಡಿಯಿಂದಲೂ ತರಲು ಹೆಚ್ಚುಕಡಿಮೆ ಅದರ ಸಾವಿರ ಪಟ್ಟು ಸಮಯ ಬೇಕು. ಅಡುಗೆಕಟ್ಟೆಯ ಮೇಲಿನ ಉಪ್ಪಿನ ಡಬ್ಬಿಗೆ ಕೈಚಾಚಲು ಎರಡು ಸೆಕೆಂಡ್ ಆದರೆ, ಪ್ರತಿ ಚಿಟಿಕೆಗೂ ಅರ್ಧ ಗಂಟೆ ನಡೆದು ಅಂಗಡಿಯಿಂದ ತಂದಂತೆ. ಆಗ ವಿದ್ಯಾರ್ಥಿ ಮಾಡುವುದೇನೆಂದರೆ, ದತ್ತಾಂಶವನ್ನು ಕತ್ತರಿಸುತ್ತಾರೆ, ಇಡೀ ರಾಜ್ಯದ ಬದಲು ಒಂದು ಜಿಲ್ಲೆಯನ್ನು ನೋಡುತ್ತಾರೆ, ಮಾದರಿಯನ್ನು ಸರಳಗೊಳಿಸುತ್ತಾರೆ. ಯಂತ್ರದ ಮಿತಿ ಸದ್ದಿಲ್ಲದೆ ಸಂಶೋಧನೆಯ ಪ್ರಶ್ನೆಯನ್ನೇ ಕುಗ್ಗಿಸಿಬಿಡುತ್ತದೆ. ಟೊರೊಂಟೊದವರೂ ಇದಕ್ಕೆ ಹೊರತಲ್ಲ. 3 ಜಿಬಿಯೊಳಗೆ ಹಿಡಿಸಲಿಲ್ಲ ಎಂದೇ ಅವರು ಚಿತ್ರ ಗುರುತಿಸುವ ತಮ್ಮ ನ್ಯೂರಲ್ ಜಾಲವನ್ನು ಎರಡು ಕಾರ್ಡುಗಳಿಗೆ ಹಂಚಿದ್ದು. ಕಾರ್ಡಿನ ಮೆಮೊರಿ ಮತ್ತು ತಾವು ಕಾಯಲು ಸಿದ್ಧವಿದ್ದ ಸಮಯ, ಇವೆರಡೇ ಜಾಲದ ಗಾತ್ರಕ್ಕೆ ಮುಖ್ಯ ಮಿತಿ ಎಂದು ಪ್ರಬಂಧದಲ್ಲಿ ಬಿಚ್ಚಿ ಹೇಳಿದ್ದಾರೆ.

ಹಾಗಾದರೆ ಅಂಗಡಿಯಲ್ಲಿ ಸಿದ್ಧವಾಗಿ ಸಿಗುವ ಡೆಸ್ಕ್‌ಟಾಪ್ ಸಾಲದೆ, ಕೈಯಾರೆ ಏಕೆ ಜೋಡಿಸಬೇಕು? ಏಕೆಂದರೆ ಇಬ್ಬರು ಸಂಶೋಧಕರ ಅಡಚಣೆ ಒಂದೇ ಕಡೆ ಇರುವುದಿಲ್ಲ. ಒಬ್ಬರಿಗೆ ಮೆಮೊರಿ ಸಾಲದು, ಇನ್ನೊಬ್ಬರಿಗೆ ಗ್ರಾಫಿಕ್ಸ್ ಕಾರ್ಡ್, ಮತ್ತೊಬ್ಬರಿಗೆ ಡಿಸ್ಕಿನ ಜಾಗ. ಸಿದ್ಧ ಯಂತ್ರದಲ್ಲಿ ಎಲ್ಲಕ್ಕೂ ಸ್ವಲ್ಪ ಸ್ವಲ್ಪ ಹಣ ಹೋಗುತ್ತದೆ. ಸ್ವಂತ ಜೋಡಣೆಯಲ್ಲಿ ಹಣವನ್ನೆಲ್ಲ ಅಡಚಣೆ ಇರುವಲ್ಲಿಗೇ ತಿರುಗಿಸಬಹುದು. ಅದಕ್ಕೆ ಮುಂಚೆ ಅಳತೆ ಆಗಬೇಕು: ಈಗಿರುವ ಯಂತ್ರದಲ್ಲೇ ತನ್ನ ಪ್ರೋಗ್ರಾಮನ್ನು ಓಡಿಸಿ, ಪ್ರೊಸೆಸರ್ ತುಂಬಿದೆಯೋ, ರ‍್ಯಾಮ್ ತುಂಬಿದೆಯೋ, ಡಿಸ್ಕ್ ಏದುಸಿರು ಬಿಡುತ್ತಿದೆಯೋ ಎಂದು ಒಂದು ವಾರ ನೋಡಬೇಕು. ಪ್ರೊಸೆಸರಿನಲ್ಲಿ ಹೆಚ್ಚು ಕೋರ್ ಇದ್ದಷ್ಟೂ ಒಳ್ಳೆಯದೆಂಬ ನಂಬಿಕೆಯೂ ಪೂರ್ತಿ ಸರಿಯಲ್ಲ. ಗಣಕ ವಿನ್ಯಾಸಕ ಜೀನ್ ಆಮ್‌ಡಾಲ್ 1967ರಲ್ಲೇ ತೋರಿಸಿಕೊಟ್ಟಂತೆ, ಕೆಲಸದ ಹತ್ತನೇ ಒಂದು ಭಾಗ ಒಂದರ ಹಿಂದೊಂದು ನಡೆಯಲೇಬೇಕಾದದ್ದಾದರೆ, ಎಷ್ಟೇ ಕೋರ್ ಹಾಕಿದರೂ ವೇಗ ಹತ್ತು ಪಟ್ಟು ದಾಟದು. ಈ ಅಳತೆ ಮಾಡಿದವರು ತಮ್ಮ ಪ್ರೋಗ್ರಾಮಿನ ಬಗ್ಗೆಯೂ ಹೊಸತನ್ನು ಕಲಿತಿರುತ್ತಾರೆ. ಕೆಲವೊಮ್ಮೆ ಹತ್ತು ಸಾಲು ತಿದ್ದಿದರೆ ಸಾಕು, ಹೊಸ ಯಂತ್ರವೇ ಬೇಡ ಎಂದು ಗೊತ್ತಾಗುತ್ತದೆ. ಅದಕ್ಕಿಂತ ಒಳ್ಳೆಯ ಉಳಿತಾಯವಿಲ್ಲ.

ಬಿಡಿಭಾಗಗಳು ಒಂದಕ್ಕೊಂದು ಕೂಡುತ್ತವೆ ಎಂಬುದೇ ಒಂದು ಸಾರ್ವಜನಿಕ ಸೊತ್ತು. 1981ರ ಐಬಿಎಂ ಪಿಸಿಯ ಒಳರಚನೆಯ ವಿವರ ಎಲ್ಲರಿಗೂ ಸಿಗುವಂತಿದ್ದದ್ದರಿಂದ ಅದಕ್ಕೆ ಹೊಂದುವ ಭಾಗಗಳನ್ನು ಹಲವರು ತಯಾರಿಸಿದರು. 1995ರಲ್ಲಿ ಇಂಟೆಲ್ ತಂದ ಎಟಿಎಕ್ಸ್ ಮಾನಕ ಮದರ್‌ಬೋರ್ಡಿನ ಸ್ಕ್ರೂ ತೂತುಗಳ ಜಾಗವನ್ನೂ ನಿಗದಿ ಮಾಡಿತು. ಹಾಗಾಗಿಯೇ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ, ಅಂದರೆ ಸಾದರ ಪತ್ರಪ್ಪ ರಸ್ತೆಯಲ್ಲಿ, ಒಂದು ಅಂಗಡಿಯಿಂದ ಬೋರ್ಡ್, ಪಕ್ಕದಿಂದ ಕ್ಯಾಬಿನೆಟ್, ಎದುರಿನಿಂದ ವಿದ್ಯುತ್ ಪೂರೈಸುವ ಎಸ್‌ಎಂಪಿಎಸ್ ತಂದರೂ ಮೂರೂ ಹೊಂದಿಕೊಳ್ಳುತ್ತವೆ. ವಿಜ್ಞಾನಕ್ಕೂ ಇದರಿಂದ ಲಾಭವಾಗಿದೆ. 1994ರಲ್ಲಿ ನಾಸಾದ ಗೊಡಾರ್ಡ್ ಕೇಂದ್ರದಲ್ಲಿ ಥಾಮಸ್ ಸ್ಟರ್ಲಿಂಗ್ ಮತ್ತು ಡೊನಾಲ್ಡ್ ಬೆಕರ್, ಮಾರುಕಟ್ಟೆಯಲ್ಲಿ ಸಿಗುವ 16 ಮಾಮೂಲಿ 486 ಪ್ರೊಸೆಸರುಗಳನ್ನು ಈಥರ್‌ನೆಟ್ ತಂತಿಯಿಂದ ಹೆಣೆದು ಬಿಯೊವುಲ್ಫ್ ಎಂಬ ಗಣಕಗುಚ್ಛ ಕಟ್ಟಿದರು. ಇಂದಿನ ಸೂಪರ್ ಕಂಪ್ಯೂಟರುಗಳಲ್ಲಿ ಹೆಚ್ಚಿನವು ಅದೇ ದಾರಿಯವು.

ಜೋಡಣೆ ಒಂದು ಭಾನುವಾರದ ಕೆಲಸ. ಪ್ರೊಸೆಸರಿನ ಮೂಲೆಯ ತ್ರಿಕೋನ ಗುರುತನ್ನು ಸಾಕೆಟ್ಟಿನ ಗುರುತಿಗೆ ಹೊಂದಿಸಿ, ಒತ್ತದೆ, ಅದರ ಭಾರಕ್ಕೇ ಕೂರಲು ಬಿಡಬೇಕು. ರ‍್ಯಾಮ್ ಅದಕ್ಕೆ ವಿರುದ್ಧ. ಟಕ್ಕೆನ್ನುವ ತನಕ ಒತ್ತಬೇಕು. ಪ್ರೊಸೆಸರ್ ಮೇಲೆ ಬಟಾಣಿ ಕಾಳಿನಷ್ಟು ಥರ್ಮಲ್ ಪೇಸ್ಟ್, ಅದರ ಮೇಲೆ ಕೂಲರ್. ತಾಳ್ಮೆ ಕೆಡಿಸುವುದು ಕ್ಯಾಬಿನೆಟ್ಟಿನ ಮುಂಭಾಗದ ಸ್ವಿಚ್ಚಿನಿಂದ ಬರುವ ಕೂದಲೆಳೆಯಂಥ ತಂತಿಗಳು. ಬೋರ್ಡಿನ ಪುಸ್ತಿಕೆ ನೋಡಿಯೇ ಚುಚ್ಚಬೇಕು. ಕಾಣದ ಶತ್ರು ಸ್ಥಿರವಿದ್ಯುತ್ತು. ನಮ್ಮ ಬೆರಳಿಗೆ ಚುರ್ ಎನ್ನಬೇಕಾದರೆ ಸುಮಾರು 3,000 ವೋಲ್ಟ್ ಬೇಕು, ಚಿಪ್ಪು ಕೆಡಲು ಅದಕ್ಕಿಂತ ತೀರ ಕಡಿಮೆ ಸಾಕು. ಅದಕ್ಕೇ ಭಾಗಗಳನ್ನು ಹಿಡಿಯುವ ಮುನ್ನ ಕ್ಯಾಬಿನೆಟ್ಟಿನ ಬರಿ ಲೋಹವನ್ನು ಮುಟ್ಟುವ ಅಭ್ಯಾಸ. ಯಂತ್ರ ಎದ್ದ ಮೊದಲ ರಾತ್ರಿ ಬೇರೇನನ್ನೂ ಮಾಡದೆ ಮೆಮೊರಿ ಪರೀಕ್ಷೆಯ ಪ್ರೋಗ್ರಾಮನ್ನೇ ಬೆಳಗಿನವರೆಗೆ ಓಡಿಸುವುದು ನನ್ನ ಮಟ್ಟಿಗೆ ಬಿಡಬಾರದ ಹಂತ. ಕೆಟ್ಟ ರ‍್ಯಾಮ್ ಯಂತ್ರವನ್ನು ನಿಲ್ಲಿಸುವುದು ಒಳ್ಳೆಯದೇ. ನಿಲ್ಲಿಸದೆ ತಪ್ಪು ಸಂಖ್ಯೆ ಕೊಟ್ಟರೆ ಅದು ನೇರ ಪ್ರಬಂಧದೊಳಕ್ಕೆ ಹೋಗಿ ಕೂರುತ್ತದೆ.

ಸಂಸ್ಥೆಯಲ್ಲೇ ಸೂಪರ್ ಕಂಪ್ಯೂಟರ್ ಇರುವಾಗ ಮನೆಯಲ್ಲೇಕೆ ಎಂಬುದು ಬಲವಾದ ಆಕ್ಷೇಪ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಿಂದ 3.3 ಪೆಟಾಫ್ಲಾಪ್ ಸಾಮರ್ಥ್ಯದ ಪರಮ್ ಪ್ರವೇಗ ಇದೆ. ಮನೆಯ ಯಾವ ಯಂತ್ರವೂ ಅದರ ಹತ್ತಿರ ಸುಳಿಯದು. ಆದರೆ ಹಂಚಿ ಬಳಸುವ ಯಂತ್ರಕ್ಕೆ ಸರದಿ ಇರಲೇಬೇಕು. ಅಂತಿಮ, ದೊಡ್ಡ ಲೆಕ್ಕಕ್ಕೆ ಸರದಿ ಕಾಯುವುದು ನ್ಯಾಯವೇ. ಸಂಶೋಧನೆಯ ಹೆಚ್ಚಿನ ಭಾಗ ಮಾತ್ರ ಅಂತಿಮ ಲೆಕ್ಕವಲ್ಲ. ತಪ್ಪು ಮಾಡಿ, ತಿದ್ದಿ, ಮತ್ತೆ ತಪ್ಪು ಮಾಡುವುದು. ಪ್ರತಿ ತಪ್ಪಿಗೂ ಸರದಿಯಲ್ಲಿ ನಿಲ್ಲಬೇಕಾದರೆ ವಿದ್ಯಾರ್ಥಿ ತಪ್ಪು ಮಾಡಲು ಹೆದರುತ್ತಾರೆ. ಮನೆಯಲ್ಲಿ ಪಳಗಿದ ಪ್ರೋಗ್ರಾಮು ಪರಮ್ ಪ್ರವೇಗಕ್ಕೆ ಹೋದರೆ ಆ ಯಂತ್ರದ ಸಮಯವೂ ಪೋಲಾಗದು. ಇನ್ನು ಇಂಥ ಗಣಕವಿಲ್ಲದ ವಿಶ್ವವಿದ್ಯಾಲಯಗಳೇ ನಮ್ಮಲ್ಲಿ ಹೆಚ್ಚು. ಬಾಡಿಗೆ ಕ್ಲೌಡ್ ಇದೆಯಲ್ಲ ಎನ್ನುವವರಿಗೂ ಇದೇ ಉತ್ತರ: ಒಂದು ವಾರದ ಭಾರಿ ಕೆಲಸಕ್ಕೆ ಅದು ಸರಿ, ವರ್ಷಗಟ್ಟಲೆ ಗಂಟೆಯ ಲೆಕ್ಕದಲ್ಲಿ ಬಾಡಿಗೆ ತೆರುವುದು ಫೆಲೋಶಿಪ್ಪಿಗೆ ಹೊರೆ. ಡೆಸ್ಕ್‌ಟಾಪನ್ನು ಹೊತ್ತು ತಿರುಗಲಾಗದು ಎಂಬುದೂ ದೊಡ್ಡ ತೊಡಕಲ್ಲ. ಮನೆಯ ಯಂತ್ರಕ್ಕೆ ಹಳೆಯ ಲ್ಯಾಪ್‌ಟಾಪಿನಿಂದ ದೂರದಿಂದಲೇ ಲಾಗಿನ್ ಆಗಬಹುದು. ತಡರಾತ್ರಿಯವರೆಗೆ ಲ್ಯಾಬಿನಲ್ಲಿ ಕೂರಲಾಗದ, ಸಂಜೆಗೆ ಮಗುವಿನ ಬಳಿಗೆ ಮರಳಬೇಕಾದ ಸಂಶೋಧಕಿಗೆ ಮನೆಯಲ್ಲೇ ಉಪಕರಣ ಇರುವುದು ಇನ್ನೂ ಹೆಚ್ಚಿನ ಮಾತು.

ಹಣದ ಆಕ್ಷೇಪಕ್ಕೆ ನಾನು ಇಷ್ಟು ಸುಲಭವಾಗಿ ಉತ್ತರಿಸಲಾರೆ. 2023ರ ಜನವರಿಯಿಂದ ಕಿರಿಯ ಸಂಶೋಧಕರ ಫೆಲೋಶಿಪ್ (ಜೆಆರ್‌ಎಫ್) ತಿಂಗಳಿಗೆ 37,000, ಹಿರಿಯರದು (ಎಸ್‌ಆರ್‌ಎಫ್) 42,000 ರೂಪಾಯಿ. ಬಾಡಿಗೆ ಕಟ್ಟಿ, ಊರಿಗೆ ಕಳಿಸಿ, ಉಳಿದದ್ದರಲ್ಲಿ ಯಂತ್ರ ಕಟ್ಟುವುದು ಕಷ್ಟವಾದರೂ ಅಸಾಧ್ಯವಲ್ಲ. ಕೇಂದ್ರೀಯ ವಿಶ್ವವಿದ್ಯಾಲಯಗಳಲ್ಲಿ ನೆಟ್ ಪರೀಕ್ಷೆಯ ಫೆಲೋಶಿಪ್ ಇಲ್ಲದ ಪಿಎಚ್.ಡಿ. ವಿದ್ಯಾರ್ಥಿಗೆ ಸಿಗುವ 8,000 ರೂಪಾಯಿಯಲ್ಲಿ ಮಾತ್ರ ಇದು ಆಗದ ಮಾತು. ಅಂಥವರಿಗೆ ಸ್ವಂತ ಹಣ ಹಾಕಿ ಎನ್ನುವುದು ಅನ್ಯಾಯ. ಸೂಕ್ಷ್ಮದರ್ಶಕ ಒದಗಿಸುವಂತೆ ವಿಭಾಗವೇ ಇದನ್ನೂ ಒದಗಿಸಬೇಕು. ಮೇಲಾಗಿ 2025ರ ಕೊನೆಯಿಂದ ರ‍್ಯಾಮ್ ಬೆಲೆ ವಿಪರೀತ ಏರಿದೆ. ಎಐ ಕಂಪನಿಗಳ ಡೇಟಾ ಸೆಂಟರುಗಳು ಮೆಮೊರಿಯನ್ನು ಸಗಟಾಗಿ ಕೊಳ್ಳುತ್ತಿರುವುದೇ ಅದರ ಮುಖ್ಯ ಕಾರಣ. ಟೊರೊಂಟೊದ ಆ ಕೋಣೆಯಿಂದ ಹೊರಟ ಅಲೆ, ಇಂದಿನ ವಿದ್ಯಾರ್ಥಿಯ ಕೋಣೆಯಲ್ಲಿ ಅಂಥದೇ ಯಂತ್ರ ಕಟ್ಟುವುದನ್ನು ದುಬಾರಿ ಮಾಡಿದೆ. ಇದು ನೋವಿನ ಸಂಗತಿ. ಆದರೂ ಕಂತಿನಲ್ಲಿ ಕಟ್ಟಬಲ್ಲದ್ದು ಜೋಡಣೆಯ ಯಂತ್ರ ಒಂದೇ. ಒಳ್ಳೆಯ ಬೋರ್ಡ್ ಮತ್ತು ಎಸ್‌ಎಂಪಿಎಸ್ ಈಗ, ಎರಡು ರ‍್ಯಾಮ್ ಕಡ್ಡಿ ಈಗ. ಬಾಕಿ ಎರಡು ಸ್ಲಾಟ್ ಖಾಲಿ ಇರಲಿ, ಗ್ರಾಫಿಕ್ಸ್ ಕಾರ್ಡ್ ಮುಂದಿನ ವರ್ಷ. ಎಎಂಡಿಯ ಎಎಂ4 ಸಾಕೆಟ್ 2016ರಲ್ಲಿ ಬಂದದ್ದು. 2022ರಲ್ಲೂ ಅದಕ್ಕೆ ಹೊಸ ಪ್ರೊಸೆಸರುಗಳು ಬಂದವು. ಅಂದರೆ ಒಂದು ಇಡೀ ಪಿಎಚ್.ಡಿ.ಯಷ್ಟು ಕಾಲ. ಬೆಸುಗೆ ಹಾಕಿದ ರ‍್ಯಾಮಿನ ಲ್ಯಾಪ್‌ಟಾಪಿನಲ್ಲಿ ಈ ಅವಕಾಶವಿಲ್ಲ.

ಶಾಸನಗಳನ್ನೋ ಹಸ್ತಪ್ರತಿಗಳನ್ನೋ ಓದುವವರಿಗೆ ಈ ಗೋಜೇಕೆ ಎನ್ನಬಹುದು. ಅವರಿಗೆ ಗ್ರಾಫಿಕ್ಸ್ ಕಾರ್ಡ್ ಬೇಡ, ದೊಡ್ಡ ಪರದೆ ಬೇಕು; ಎಡಕ್ಕೆ ತಾಳೆಗರಿಯ ಚಿತ್ರ, ಬಲಕ್ಕೆ ತಮ್ಮ ಬರಹ. ಅವರ ಅಡಚಣೆ ಅಲ್ಲಿದೆ, ಹಣವೂ ಅಲ್ಲಿಗೇ ಹೋಗಲಿ.

ವಿದ್ಯುತ್ತಿನ ಲೆಕ್ಕ ಚಿಕ್ಕದು. 150 ವ್ಯಾಟ್ ಎಳೆಯುವ ಯಂತ್ರ ರಾತ್ರಿ ಹತ್ತು ಗಂಟೆ ಓಡಿದರೆ ಒಂದೂವರೆ ಯೂನಿಟ್. ಗ್ರಾಫಿಕ್ಸ್ ಕಾರ್ಡ್ ದುಡಿದರೆ ಅದರ ಎರಡು ಮೂರು ಪಟ್ಟು. ಮಳೆಗಾಲದ ರಾತ್ರಿ ಕರೆಂಟ್ ಹೋಗುವುದು ಮಾತ್ರ ನಿಜವಾದ ಚಿಂತೆ. ಕಾಲು ಗಂಟೆ ತಡೆಯುವ ಯುಪಿಎಸ್ ಒಂದು ಉಪಾಯ. ಅದಕ್ಕಿಂತ ಒಳ್ಳೆಯದು, ಅರ್ಧ ಗಂಟೆಗೊಮ್ಮೆ ಅಲ್ಲಿಯವರೆಗಿನ ಫಲಿತಾಂಶವನ್ನು ಡಿಸ್ಕಿಗೆ ಬರೆದಿಡುವಂತೆ ಪ್ರೋಗ್ರಾಮನ್ನೇ ಬರೆಯುವುದು. ಆಗ ಕರೆಂಟ್ ಹೋದರೂ ಕಳೆಯುವುದು ಅರ್ಧ ಗಂಟೆ ಮಾತ್ರ. ಡಿಸ್ಕ್ ಕೂಡ ಒಂದು ದಿನ ಸಾಯುತ್ತದೆ. ಹಾಗಾಗಿ ದತ್ತಾಂಶ ಮತ್ತು ಪ್ರಬಂಧದ ಮೂರು ಪ್ರತಿ ಇರಬೇಕು, ಎರಡು ಬಗೆಯ ಮಾಧ್ಯಮಗಳಲ್ಲಿ, ಒಂದು ಬೇರೆ ಊರಿನಲ್ಲಿ. ಮೊದಲನೆಯದು ಯಂತ್ರದ ಎಸ್‌ಎಸ್‌ಡಿಯಲ್ಲಿ, ಎರಡನೆಯದು ಸಂಸ್ಥೆಯ ಸರ್ವರಿನಲ್ಲಿ. ಮೂರನೆಯದು ಊರಿನ ಮನೆಯ ಬೀರುವಿನೊಳಗಿನ ಹಾರ್ಡ್ ಡಿಸ್ಕಿನಲ್ಲಿ ಇರಲಿ. ಯುಗಾದಿಗೆ ಹೋದಾಗ ಒಂದು, ದೀಪಾವಳಿಗೆ ಹೋದಾಗ ಇನ್ನೊಂದು ಎಂದು ಬದಲಿಸಿ ಬರಬಹುದು.