ಸೆಟ್ಟಿಗಿಂತ ಮೊದಲು ಆಂಟೆನಾ

"ಎರಡು ವಾಕಿಟಾಕಿ ತರಲಾ ಮೋನೆ? ಇಲ್ಲಿ ಭಾರೀ ಕ್ರಯ ಇಲ್ಲ" ಎಂದು ದುಬೈಯಿಂದ ಮಾಮ ಫೋನ್ ಮಾಡಿದ್ದರು. ಬೇಡ ಎಂದೆವು. ಲೈಸೆನ್ಸ್ ಇಲ್ಲದವರು ವಯರ್‌ಲೆಸ್ ಸೆಟ್ ತಂದರೆ ವಿಮಾನ ನಿಲ್ದಾಣದಲ್ಲೇ ತಾಪತ್ರಯ. ಊರಿನಲ್ಲಿ ನಾವು ಕೆಲವರು ಸೇರಿ ಹ್ಯಾಮ್ ರೇಡಿಯೋ ಕ್ಲಬ್ ಮಾಡಿಕೊಂಡ ಮೇಲೆ ಇಂಥ ಪ್ರೀತಿಯ ಫೋನ್‌ಗಳು ಬರುತ್ತಲೇ ಇವೆ. (ಹೆಸರು ಕೇಳಿ ಹುಬ್ಬೇರಿಸಬೇಡಿ, ತಿನ್ನುವ ಹ್ಯಾಮ್‌ಗೂ ಇದಕ್ಕೂ ಸಂಬಂಧ ಇಲ್ಲ. ಇದು ಹವ್ಯಾಸಿ ರೇಡಿಯೋ.) ಕೇಂದ್ರ ಸರಕಾರದ ಪರೀಕ್ಷೆ ಪಾಸಾದರೆ ಲೈಸೆನ್ಸ್ ಸಿಗುತ್ತದೆ. 12 ವರ್ಷ ತುಂಬಿದ ಮಕ್ಕಳೂ ಬರೆಯಬಹುದು.

ಮೊಬೈಲ್ ಇರುವಾಗ ಇದೆಂತಕ್ಕೆ ಎಂದು ಕೇಳುವವರಿಗೆ ನಾವು ಹೇಳುವುದು 2004ರ ಡಿಸೆಂಬರ್ 26ರ ಸಂಗತಿ. ಹೈದರಾಬಾದಿನ ಹ್ಯಾಮ್ ಸಂಸ್ಥೆಯ ಭಾರತಿ ಪ್ರಸಾದ್ ಆಗ ಅಂಡಮಾನಿನ ಪೋರ್ಟ್ ಬ್ಲೇರ್‌ನಲ್ಲಿ ಸ್ಟೇಷನ್ ಹಾಕಿದ್ದರು. ಸುನಾಮಿ ಬಡಿದು ಫೋನ್ ಸತ್ತಾಗ, ದ್ವೀಪದವರ ಕ್ಷೇಮ ಸಮಾಚಾರ ಹೊರಗೆ ತಲಪಿಸಿದ್ದು ಆ ರೇಡಿಯೋ.

ಇನ್ನು ನಮ್ಮ ಪೆದ್ದುತನದ ಕಥೆ. ಚಂದಾ ಎತ್ತಿದ ಹಣವನ್ನೆಲ್ಲ ಸೆಟ್ಟಿಗೇ ಸುರಿದೆವು. ಉಳಿದ ಚಿಲ್ಲರೆಯಲ್ಲಿ ಆರ್‌ಜಿ-58 ಎಂಬ ತೆಳ್ಳಗಿನ ಕೇಬಲ್ 30 ಮೀಟರ್ ತಂದು ಟೆರೇಸಿಗೆ ಎಳೆದೆವು. ಪಕ್ಕದೂರಿನವರಿಗೇ ನಮ್ಮ ಧ್ವನಿ ಕೇಳಲಿಲ್ಲ! ಸೆಟ್ ಹಾಳು ಎಂದು ಅಂಗಡಿಯವನೊಡನೆ ಜಗಳವೂ ಆಯಿತು, ಪಾಪ. ಆಮೇಲೆ ಹಿರಿಯ ಹ್ಯಾಮ್ ಒಬ್ಬರು ಬಂದು ಲೆಕ್ಕ ಹೇಳಿದರು: 145 ಮೆಗಾಹರ್ಟ್ಸ್‌ನಲ್ಲಿ ಅಷ್ಟುದ್ದದ ಆ ಕೇಬಲ್ ಮುಕ್ಕಾಲು ಪಾಲು ಶಕ್ತಿಯನ್ನು ದಾರಿಯಲ್ಲೇ ನುಂಗುತ್ತದೆ. 50 ವ್ಯಾಟ್ ಕೊಟ್ಟರೆ ಮೇಲೆ ತಲಪುವುದು ಹನ್ನೆರಡೋ ಹದಿಮೂರೋ. ದಪ್ಪದ ಆರ್‌ಜಿ-213 ಹಾಕಿದರೆ ಅರ್ಧದಷ್ಟಾದರೂ ಉಳಿಯುತ್ತದೆ. ಕೇಬಲ್ ಗಿಡ್ಡವಾದಷ್ಟೂ ಒಳ್ಳೆಯದು. ಸೆಟ್ಟನ್ನು ಕೆಳಗಿನ ಕೋಣೆಯಿಂದ ಟೆರೇಸಿನ ಕೋಣೆಗೆ ಸಾಗಿಸಿದೆವು.

ದೂರದ ಮಾತಿಗೆ 7 ಮೆಗಾಹರ್ಟ್ಸ್‌ನ ಡೈಪೋಲ್ ಬೇಕು. ಇದಕ್ಕೆ ದುಡ್ಡೇ ಬೇಡ ಎನ್ನಬಹುದು. ಮನೆ ವಯರಿಂಗ್‌ನ ತಾಮ್ರದ ತಂತಿ, ಒಂದೊಂದು ಬದಿಗೆ ಸುಮಾರು 10 ಮೀಟರ್, ನಡುವೆ ಕೇಬಲ್. ಮೊದಲು ಸ್ವಲ್ಪ ಉದ್ದವೇ ಇಟ್ಟು, ಮೀಟರ್ ನೋಡುತ್ತಾ ಬೆರಳಗಲ ಬೆರಳಗಲ ಕತ್ತರಿಸುತ್ತಾ ಬರಬೇಕು. ಹಿತ್ತಿಲಿನ ಎರಡು ತೆಂಗಿನ ಮರಕ್ಕೆ ಬಿಗಿಯಾಗಿ ಕಟ್ಟಿದ್ದೆವು, ಮೊದಲ ಗಾಳಿಗೇ ತುಂಡಾಯಿತು. ಮರ ತೂಗುತ್ತದಲ್ಲ! ಈಗ ಒಂದು ತುದಿಯ ಹಗ್ಗ ರಾಟೆಯ ಮೇಲೆ ಹಾದು, ಕಲ್ಲು ತುಂಬಿದ ಚೀಲಕ್ಕೆ ಕಟ್ಟಿಕೊಂಡಿದೆ. ಮರ ವಾಲಿದರೆ ಚೀಲ ಮೇಲೇರುತ್ತದೆ, ತಂತಿ ಉಳಿಯುತ್ತದೆ. ಕರೆಂಟಿನ ಲೈನ್ ಹತ್ತಿರ ಮಾತ್ರ ತಂತಿ ಎಸೆಯಲೇಬಾರದು, ಜೀವ ಹೋದೀತು.

ಕಡಲ ಗಾಳಿಯ ಉಪ್ಪು ಇನ್ನೊಂದು ಶತ್ರು. ಹೊರಗಿನ ಪ್ರತಿ ಜೋಡಣೆಗೂ ರಬ್ಬರ್ ಟೇಪ್ ಸುತ್ತದಿದ್ದರೆ ಒಳಗೆ ಹಸಿರು ಕಿಲುಬು ಗ್ಯಾರಂಟಿ. ಕರೆಂಟ್ ಹೋದಾಗಲೂ ಮಾತಾಡಲಿಕ್ಕೆ 12 ವೋಲ್ಟಿನ ಇನ್ವರ್ಟರ್ ಬ್ಯಾಟರಿ ಇದೆ.

ಸಿಡಿಲಿನ ಭಯ ಈಗಲೂ ಉಂಟು. ಅರ್ತಿಂಗ್ ಮಾಡಿಸಿದ್ದೇವೆ, ಆದರೂ ಗುಡುಗು ಶುರುವಾಗುವ ಮೊದಲೇ ಕೇಬಲ್ ಕಳಚಿ ಹೊರಗಿಡಬೇಕು. ಆಮೇಲೆ ಮುಟ್ಟುವ ಹಾಗಿಲ್ಲ. ಮೊದಲು "ಈ ತಂತಿ ಮನೆಗೆ ಬೇಡ" ಎಂದಿದ್ದ ಉಮ್ಮನೇ ಈಗ ಪಡುವಣದಲ್ಲಿ ಮೋಡ ಕಂಡ ಕೂಡಲೇ ಕೂಗುತ್ತಾರೆ: "ಮೋನೆ, ಕೇಬಲ್ ತೆಗೆದೆಯಾ?"