ತಂತ್ರಾಂಶಕ್ಕೆ ಜಾಮೀನು ಯಾರು?

ಅಪರಿಚಿತರು ಕೊಟ್ಟ ತಿಂಡಿ ತಿನ್ನಬಾರದೆಂದು ಮಕ್ಕಳಿಗೆ ಬುದ್ಧಿ ಹೇಳುವ ನಾವೇ, ಎಂದೂ ಮುಖ ಕಾಣದವರು ಬರೆದ ತಂತ್ರಾಂಶಗಳನ್ನು ದಿನವೂ ಫೋನಿಗೆ ಇಳಿಸಿಕೊಳ್ಳುತ್ತೇವೆ. ಅವುಗಳಲ್ಲಿ ಕಪಟವಿಲ್ಲವೆಂದು ಜಾಮೀನು ನಿಂತವರು ಯಾರು?

ಆಪಲ್ ಕಂಪನಿ 2008ರ ಜುಲೈನಲ್ಲಿ ತೆರೆದ 'ಆಪ್ ಸ್ಟೋರ್' ಒಂದೇ ಬಾಗಿಲಿನ ಕೋಟೆ. ಕಂಪನಿ ಪರೀಕ್ಷಿಸಿ ಒಪ್ಪಿದ್ದಕ್ಕಷ್ಟೇ ಪ್ರವೇಶ. ತೆರೆದಾಗ ಮಾರಾಟದ ಹಣದಲ್ಲಿ ಶೇ 30ರ ಸುಂಕ ಬೇರೆ ಇತ್ತು. ಬಳಸುವವರಿಗೇನೋ ನಿಶ್ಚಿಂತೆ. ಆದರೆ ಕಳ್ಳನನ್ನು ತಡೆಯುವ ಬಾಗಿಲು ಉಳಿದವರನ್ನೂ ತಡೆಯಬಲ್ಲದು. 2019ರಲ್ಲಿ ಹಾಂಗ್‌ಕಾಂಗ್‌ನ ಪ್ರತಿಭಟನೆಗಳ ನಡುವೆ, ಪೊಲೀಸರ ಓಡಾಟ ತೋರಿಸುತ್ತಿದ್ದ ನಕ್ಷೆಯೊಂದನ್ನು ಆಪಲ್ ಮೊದಲು ತಿರಸ್ಕರಿಸಿತು, ಬಳಿಕ ಒಪ್ಪಿತು. ಚೀನಾದ ಕಮ್ಯುನಿಸ್ಟ್ ಪಕ್ಷದ ಪತ್ರಿಕೆ ಹರಿಹಾಯ್ದ ಬೆನ್ನಿಗೇ ತೆಗೆದುಹಾಕಿತು. ಪೊಲೀಸರ ಮೇಲೆ ದಾಳಿಗೆ ಅದು ಬಳಕೆಯಾಗುತ್ತಿದೆ ಎಂಬುದು ಕಂಪನಿ ಕೊಟ್ಟ ಕಾರಣ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಫಲವೇನು?

ಇದಕ್ಕೆ ಬಹಳ ಮೊದಲೇ, 1993ರಲ್ಲಿ, ಹುಟ್ಟಿದ ಡೆಬಿಯನ್ ಎಂಬ ಸ್ವಯಂಸೇವಕರ ಬಳಗದ ದಾರಿಯೇ ಬೇರೆ. ಅಲ್ಲಿ ತಂತ್ರಾಂಶ ಸಿದ್ಧಪಡಿಸುವ ಪ್ರತಿ ಸದಸ್ಯನಿಗೂ ಗಣಿತದಿಂದ ಕಟ್ಟಿದ ಒಂದು ಗುಟ್ಟಿನ ಮುದ್ರೆಯುಂಟು. ಮುದ್ರೆ ಬಿದ್ದ ಮೇಲೆ ಒಂದಕ್ಷರ ತಿದ್ದಿದರೂ ಸಿಕ್ಕಿಬೀಳುತ್ತದೆ. ಹೊಸಬರು ಸೇರಬೇಕಾದರೆ ಹಳಬರೊಬ್ಬರು ಅವರನ್ನು ಎದುರಾಎದುರು ಕಂಡು, ಗುರುತುಚೀಟಿ ನೋಡಿ, ಆ ಮುದ್ರೆ ಇವರದೇ ಎಂದು ಸಹಿ ಹಾಕುವುದು ವಾಡಿಕೆ. ನೆಂಟಸ್ತಿಕೆಗೆ ಮುನ್ನ ನಾವು ಗೊತ್ತಿದ್ದವರಲ್ಲಿ ವಿಚಾರಿಸುವುದಿಲ್ಲವೆ, ಹಾಗೆ! ಈ 'ನಂಬಿಕೆಯ ಬಲೆ'ಯನ್ನು ಬಳಕೆಗೆ ತಂದದ್ದು ಅಮೆರಿಕದ ಫಿಲ್ ಜಿಮ್ಮರ್‌ಮನ್ 1991ರಲ್ಲಿ ಹೊರತಂದ ಪಿಜಿಪಿ ಎಂಬ ತಂತ್ರಾಂಶ. ಡೆಬಿಯನ್ ಬಳಗದ ವಾರ್ಷಿಕ ಸಮ್ಮೇಳನ 2023ರಲ್ಲಿ ನಮ್ಮ ನೆರೆಯ ಕೊಚ್ಚಿಯಲ್ಲೇ ನಡೆಯಿತು. ಇಲ್ಲಿ ಬಾಗಿಲು ಮುಚ್ಚಿಸಬಲ್ಲ ಒಡೆಯನಿಲ್ಲ. ಬೇಡವೆನಿಸಿದವರು ಎಲ್ಲವನ್ನೂ ನಕಲು ಮಾಡಿಕೊಂಡು ಬೇರೆ ಮನೆ ಹೂಡಬಹುದು.

ಆದರೆ ಗುರುತುಚೀಟಿ ಹೆಸರನ್ನು ಹೇಳೀತೇ ಹೊರತು ಮನಸ್ಸನ್ನಲ್ಲ. ಡೆಬಿಯನ್ ಸೇರಿದಂತೆ ಹಲವು ಬಳಗಗಳು ನೆಚ್ಚಿಕೊಂಡಿದ್ದ 'ಎಕ್ಸ್‌ಜೆಡ್' ಎಂಬ ಪುಟ್ಟ ತಂತ್ರಾಂಶವನ್ನು ನೋಡಿಕೊಳ್ಳುತ್ತಿದ್ದವನು ದಣಿದಿದ್ದ ಒಬ್ಬನೇ ಸ್ವಯಂಸೇವಕ. 'ಜಿಯಾ ಟಾನ್' ಎಂಬ ಹೆಸರಿನಲ್ಲಿ ಬಂದವರು ಅವನಿಗೆ ಎರಡು ವರ್ಷಕ್ಕೂ ಹೆಚ್ಚು ಕಾಲ ತಾಳ್ಮೆಯಿಂದ ನೆರವಾದರು, ವಿಶ್ವಾಸ ಗಳಿಸಿದರು. ಆಮೇಲೆ 2024ರಲ್ಲಿ ಅದರೊಳಗೆ ಕಳ್ಳದಾರಿ ಇಟ್ಟರು. ಡೆಬಿಯನ್‌ನ ಪ್ರಯೋಗದ ಆವೃತ್ತಿಗೂ ಅದು ನುಸುಳಿತು. ಯಾವ ಮುದ್ರೆಯೂ ಅದನ್ನು ಹಿಡಿಯಲಿಲ್ಲ. ಹಿಡಿದದ್ದು ಆಂಡ್ರೆಸ್ ಫ್ರೋಯಿಂಡ್ ಎಂಬ ಎಂಜಿನಿಯರ್. ದೂರದ ಯಂತ್ರಕ್ಕೆ ಪ್ರವೇಶ ಸಿಗುವುದು ಅರ್ಧ ಸೆಕೆಂಡಿನಷ್ಟು ತಡವಾಗುತ್ತಿದೆಯಲ್ಲ ಎಂದು ಅವರಿಗೆ ಕಿರಿಕಿರಿಯಾಯಿತು. ಎಲ್ಲವೂ ತೆರೆದೇ ಇದ್ದುದರಿಂದ ಬುಡದವರೆಗೆ ಕೆದಕಿ ನೋಡಿದರು.