ಹುರಿದ ಅಕ್ಕಿಯ ಜಪಾನೀ ಚಹಾ



ನಮ್ಮ ಗದಗ ಸೀಮೆಯಲ್ಲಿ ‘ಚಾ ಒಲ್ಲೆ’ ಎನ್ನುವುದು ಎಷ್ಟು ಕಷ್ಟ ಎಂಬುದು ನಿಮಗೆ ಗೊತ್ತೇ ಇದೆ. ಲಕ್ಷ್ಮೇಶ್ವರದಿಂದ ಶಿರಹಟ್ಟಿಗೆ ಒಂದು ಕುಬುಸಕ್ಕೆ ಹೋದರೆ ಮೂರು ಮನೆಯಲ್ಲಿ ಮೂರು ಕಪ್ಪು ಆಗಿಯೇ ತೀರುತ್ತದೆ. ‘ಅರ್ಧ ಕಪ್ಪರ ಕುಡೀರಿ’ ಅಂದಾಗ ಇಲ್ಲವೆನ್ನಲು ಬಾಯಿ ಬರುವುದಿಲ್ಲ. ಮನೆಯಲ್ಲಂತೂ ಎದ್ದ ಕೂಡಲೇ ಒಂದು, ರೊಟ್ಟಿ ಬಡಿದಾದ ಮೇಲೆ ಒಂದು, ಊಟದ ಬೆನ್ನಿಗೇ ಒಂದು... ಹೀಗೆ ನನಗೆ ದಿನಕ್ಕೆ 6 ಕಪ್ಪು. ಕಪ್ಪಿಗೆ 2 ಚಮಚ ಸಕ್ಕರೆಯಂತೆ 12 ಚಮಚ. ತೂಗಿ ನೋಡಿದರೆ ಹತ್ತಿರ ಹತ್ತಿರ 50 ಗ್ರಾಂ!

ಹೋದ ವರ್ಷ ಮಾಳಿಗೆ ಮೆಟ್ಟಿಲು ಹತ್ತಿದರೂ ತೇಕು ಬರತೊಡಗಿತು. ರಕ್ತ ತಪಾಸಣೆ ಮಾಡಿಸಿದರೆ ಹಿಮೋಗ್ಲೋಬಿನ್ 8.4. ಹೆಂಗಸರಿಗೆ 12 ಆದರೂ ಇರಬೇಕು. ಡಾಕ್ಟರು ಮೊದಲು ಕೇಳಿದ್ದೇ, ‘ಊಟದ ಜೋಡಿ ಚಾ ಕುಡೀತೀರೇನ್ರಿ?’ ಎಂದು. ಚಹಾದ ಒಗರು ಕಾಳು-ಪಲ್ಲೆಯಲ್ಲಿರುವ ಕಬ್ಬಿಣದ ಅಂಶವನ್ನು ಹಿಡಿದುಕೊಂಡುಬಿಡುತ್ತದೆ. ಅದು ಮೈಗೆ ಹತ್ತುವುದಿಲ್ಲ. ಇಷ್ಟು ವರ್ಷ ಪುಂಡಿಪಲ್ಲೆ, ಮಡಿಕೆಕಾಳು ಉಂಡು ಮೇಲೆ ಚಹಾ ಸುರಿದುಕೊಂಡಿದ್ದೆನಲ್ಲ! ಗುಳಿಗೆ ಬರೆದುಕೊಟ್ಟು, ಅದನ್ನೂ ಚಹಾದ ಜೊತೆ ನುಂಗಬೇಡಿರೆಂದರು.

ಅದೇ ಹೊತ್ತಿಗೆ, ಬೆಂಗಳೂರಿನಲ್ಲಿ ನೌಕರಿಯಲ್ಲಿರುವ ನಮ್ಮ ಅಕ್ಕನ ಮಗ ಜಪಾನಿಗೆ ಹೋಗಿಬಂದವನು ಒಂದು ಪೊಟ್ಟಣ ತಂದುಕೊಟ್ಟ. ಬಿಚ್ಚಿದರೆ ಹಸಿರು ಎಲೆಯ ಚೂರು, ಕಂದು ಬಣ್ಣದ ಅಕ್ಕಿ, ನಡುನಡುವೆ ಪಂಚಮಿ ಅಳ್ಳಿನ ಹಾಗೆ ಅರಳಿದ ಬಿಳಿ ಕಾಳು. ಅತ್ತೆಯವರು ಇಣುಕಿ ನೋಡಿ, ‘ಇದೇನವಾ, ಚಾಪುಡಿಯೊಳಗ ಚುನಮರಿ ಬಿದ್ದಾವಲ್ಲ!’ ಎಂದರು.

ಹೆಸರು ‘ಗೆನ್‌ಮೈಚಾ’. ‘ಗೆನ್‌ಮೈ’ ಎಂದರೆ ತೌಡು ತೆಗೆಯದ ಅಕ್ಕಿ. ‘ಚಾ’ ಎಂದರೆ ಚಾ, ನಾವು ಅನ್ನುವುದೇ! ಚೀನಾದ ಶಬ್ದವೇ ಅತ್ತ ಜಪಾನಿಗೂ ಇತ್ತ ನಮಗೂ ಬಂದಿದೆ. ಗಿಡವೂ ಒಂದೇ ಜಾತಿಯದು. ನಮ್ಮ ಚಹಾಪುಡಿಗೆ ಎಲೆಯನ್ನು ಅರೆದು ಗಾಳಿಗೆ ಬಿಟ್ಟು ಕಪ್ಪಾಗಿಸುತ್ತಾರೆ. ಅವರು ಕೊಯ್ದ ಕೂಡಲೇ ಹಬೆಯಲ್ಲಿ ಬೇಯಿಸುವುದರಿಂದ ಹಸಿರು ಉಳಿಯುತ್ತದೆ. ಎಲೆ ತುಟ್ಟಿಯೆಂದು ಬಡವರು ಅಕ್ಕಿ ಬೆರೆಸಿ ಕುಡಿಯುತ್ತಿದ್ದರಂತೆ. ಈಗ ಎಲ್ಲರೂ ಇಷ್ಟಪಟ್ಟು ಕುಡಿಯುತ್ತಾರೆ.

ಮೊದಲ ದಿನ ನಾನು ಮಾಡಿದ ಫಜೀತಿ ಕೇಳಿರಿ. ಹಾಲು, ಸಕ್ಕರೆ, ಶುಂಠಿ ಹಾಕಿ ಐದು ನಿಮಿಷ ಕುದಿಸಿದೆ! ಕಹಿಯೆಂದರೆ ಬೇವಿನ ಕಷಾಯ. ನಮ್ಮವರು ಒಂದು ಗುಟುಕು ಕುಡಿದು ಕಪ್ಪನ್ನು ಸುಮ್ಮನೆ ಕಟ್ಟೆಯ ಮೇಲಿಟ್ಟರು. ಇದನ್ನು ಕುದಿಸಲೇಬಾರದು. ನೀರು ಕುದಿಸಿ ಕೆಳಗಿಳಿಸಿ ಮೂರು-ನಾಲ್ಕು ನಿಮಿಷ ಆರಲು ಬಿಡಿ. ಕಪ್ಪಿಗೆ ಒಂದು ತುಂಬು ಚಮಚದಂತೆ ಹಾಕಿ ಮುಚ್ಚಿ, ಒಂದೂವರೆ ನಿಮಿಷಕ್ಕೆ ಸೋಸಿರಿ. ಹಾಲು ಬೇಡ, ಸಕ್ಕರೆಯೂ ಬೇಡ. ಅದೇ ಎಲೆಗೆ ಇನ್ನೊಮ್ಮೆ ಬಿಸಿನೀರು ಹಾಕಬಹುದು. ವಾಸನೆಯಂತೂ ಥೇಟ್ ಅಳ್ಳು ಹುರಿಯುವ ಮನೆಯದು.

ಪೊಟ್ಟಣ ತೀರಿತು. ಜಪಾನಿಗೆ ಮತ್ತೆ ಯಾರು ಹೋಗುತ್ತಾರೆ? ಮನೆಯಲ್ಲೇ ಮಾಡಿದೆ. ತೌಡು ತೆಗೆಯದ ಅಕ್ಕಿ ಅರ್ಧ ಬಟ್ಟಲು ತೊಳೆದು, ಬಟ್ಟೆಯ ಮೇಲೆ ಹರವಿ ಪೂರ್ತಿ ಒಣಗಿಸಿರಿ. ದಪ್ಪ ತಳದ ಬಾಣಲೆಯಲ್ಲಿ, ಎಣ್ಣೆಯಿಲ್ಲದೆ, ಸಣ್ಣ ಉರಿಯಲ್ಲಿ ಕೈಬಿಡದೆ ಹುರಿಯಬೇಕು. ಬೆಲ್ಲದ ಬಣ್ಣ ಬಂದು ನಾಲ್ಕು ಕಾಳು ಸಿಡಿದರೆ ಸಾಕು. ಕರಿದಾದರೆ ಸುಟ್ಟ ರುಚಿ. ಆರಿದ ಮೇಲೆ ಅಷ್ಟೇ ತೂಕದ ಹಸಿರು ಚಹಾ ಬೆರೆಸಿ. ನೀಲಗಿರಿಯ ಹಸಿರು ಚಹಾ ನಡೆಯುತ್ತದೆ. ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ. ನಮ್ಮದು ಜೋಳದ ಸೀಮೆಯಲ್ಲವೇ, ಬಿಳಿಜೋಳವನ್ನೂ ಹುರಿದು ನೋಡಿದೆ. ಅಡ್ಡಿಯಿಲ್ಲ, ಆದರೆ ಅಕ್ಕಿಯ ಕಂಪು ಬರಲಿಲ್ಲ.

ಒಂದು ಮಾತು. ಪೇಟೆಯಲ್ಲಿ ಹಸಿರು ಚಹಾ ಎಂದರೆ ಅಮೃತವೆಂಬಂತೆ ಮಾರುತ್ತಾರೆ. ಹಾಗೇನಿಲ್ಲ. ಕಬ್ಬಿಣ ತಡೆಯುವ ಒಗರು ಇದರಲ್ಲೂ ಇದೆ. ಅರ್ಧದಷ್ಟು ಅಕ್ಕಿಯಿರುವುದರಿಂದ ಎಲೆ ಕಡಿಮೆ, ನಿದ್ದೆ ಕೆಡುವುದೂ ಕಡಿಮೆ, ಅಷ್ಟೇ. ಊಟಕ್ಕೆ ಒಂದು ತಾಸು ಹಿಂದೆ-ಮುಂದೆ ಕುಡಿಯಿರಿ. ಊಟದಲ್ಲಿ ಲಿಂಬೆಹಣ್ಣು ಹಿಂಡಿಕೊಂಡರೆ ಕಬ್ಬಿಣ ಚೆನ್ನಾಗಿ ಹತ್ತುತ್ತದೆ. ಮಲಗುವ ಮುಂಚೆ ಎಲೆಯೇ ಇಲ್ಲದೆ ಬರೇ ಹುರಿದಕ್ಕಿಯನ್ನು ನೀರಲ್ಲಿ ಕುದಿಸಿ ಸೋಸಿ ಕುಡಿಯಬಹುದು. ಜಪಾನಿನವರೂ ಹುರಿದ ಜವೆಗೋಧಿಯ ನೀರನ್ನು ಬೇಸಿಗೆಯಲ್ಲಿ ತಣ್ಣಗೆ ಕುಡಿಯುತ್ತಾರೆ.

ಮೂರು ತಿಂಗಳ ಮೇಲೆ ನನ್ನ ರಕ್ತ 10.6ಕ್ಕೆ ಬಂತು. ಅದು ಗುಳಿಗೆಯದೂ ಊಟದ ಮೇಲಿನ ಚಹಾ ಬಿಟ್ಟಿದ್ದರದೂ ಗುಣ, ಜಪಾನಿನ ಪೊಟ್ಟಣದ್ದಲ್ಲ. ಆದರೆ ಕೈ ತಾನೇ ಚಹಾದ ಬೋಗುಣಿಗೆ ಹೋಗುವ ಹೊತ್ತಿನಲ್ಲಿ ಹಿಡಿದುಕೊಳ್ಳಲು ಏನಾದರೂ ಬಿಸಿ ಬೇಕಿತ್ತು ನೋಡಿ, ಅದು ಇದರಿಂದ ಸಿಕ್ಕಿತು. ಈಗ ಹಾಲಿನ ಚಹಾ ದಿನಕ್ಕೆ ಎರಡೇ. ಗಿರ್ಮಿಟ್ ಮಾಡಿದ ದಿನ ಮಾತ್ರ ಮೂರು. ಅತ್ತೆಯವರು ಹುರಿದಕ್ಕಿ ನೀರಿಗೆ ಚಿಟಿಕೆ ಉಪ್ಪು, ಜೀರಿಗೆ ಪುಡಿ ಹಾಕಿಕೊಂಡು, ‘ಇದು ಗಂಜಿ ತಿಳಿನೀರಲ್ಲೇನ, ಇದಕ್ಕ ಜಪಾನಿಗ್ಯಾಕ ಹೋಗಬೇಕಿತ್ತು?’ ಎನ್ನುತ್ತಾ ಲೋಟ ಖಾಲಿ ಮಾಡುತ್ತಾರೆ.